ಇಬ್ಬರ ವ್ಯಾನೋ, ಆರು ಜನರ ಮೋಟರ್‌ಹೋಮೋ: ಟೆಕಾಪೊವರೆಗಿನ ಮೊದಲ ದಿನ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದೊಡ್ಡ ಗಾಡಿಗೆ. ಕಾರಣ ಕಾಫಿ.

ನಾವು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿರುವವರು. 2022ರ ಡಿಸೆಂಬರಿನಲ್ಲಿ ನಾನು, ನಮ್ಮನೆಯವರು ಇಬ್ಬರೇ ಕ್ರೈಸ್ಟ್‌ಚರ್ಚಿಗೆ ಹೋಗಿ ಇಬ್ಬರು ಮಲಗುವ ಪುಟ್ಟ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ತಗೊಂಡಿದ್ದೆವು. 2024ರ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಅತ್ತೆ ಮಾವ ಬಂದಿದ್ದರು. ಆಗ ಆರು ಜನ ಮಲಗುವ ಮೋಟರ್‌ಹೋಮ್. ಎರಡೂ ಸಲ ಮೊದಲ ದಿನದ ದಾರಿ ಒಂದೇ. ಜೆರಾಲ್ಡೀನ್, ಫೇರ್ಲಿ, ಬರ್ಕ್ಸ್ ಪಾಸ್ ದಾಟಿ ಟೆಕಾಪೊ ಸರೋವರ. ಸುಮಾರು 230 ಕಿಲೋಮೀಟರ್, ಕಾರಿನಲ್ಲಾದರೆ ಮೂರು ಗಂಟೆ.

ಓಡಿಸೋದಕ್ಕೆ ವ್ಯಾನೇ ಮೇಲು, ಒಪ್ಪುತ್ತೇನೆ. ಅದರಲ್ಲಿ ಎಲ್ಲರಂತೆ ನೂರರಲ್ಲಿ ಹೋಗಬಹುದಿತ್ತು. ದೊಡ್ಡದರ ಒಟ್ಟು ತೂಕದ ಲೆಕ್ಕ 3500 ಕೆಜಿ ದಾಟಿತ್ತು, ಹಾಗಾಗಿ ಕಾನೂನಿನ ಮಿತಿಯೇ 90. ಹಿಂದೆ ಕಾರುಗಳ ಸಾಲು. ಜಾಗ ಸಿಕ್ಕಲ್ಲೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡೋದೇ ಕೆಲಸ. ರಕಾಯ ನದಿಯ ಸೇತುವೆ ಒಂದೂಮುಕ್ಕಾಲು ಕಿಲೋಮೀಟರ್ ಉದ್ದ, ಈ ದೇಶದ ರಸ್ತೆ ಸೇತುವೆಗಳಲ್ಲೇ ಉದ್ದದ್ದು. ಅವತ್ತು ವಾಯವ್ಯದ ಗಾಳಿ ಬೀಸುತ್ತಿತ್ತು. ನಮ್ಮನೆಯವರು ಸ್ಟೀರಿಂಗ್ ಬಿಗಿಯಾಗಿ ಹಿಡಿದು ಕೂತವರು ಸೇತುವೆ ಮುಗಿಯೋವರೆಗೂ ಮಾತಾಡಲಿಲ್ಲ. ಹಿಂದೆ ತಟ್ಟೆ ಲೋಟಗಳ ಸದ್ದು, ಹಬ್ಬದ ಮನೆಯ ಹಿತ್ತಲಿನ ಹಾಗೆ. ಡ್ರಾಯರಿನ ಚಿಲಕ ಹಾಕೋದು ಮರೆತಿದ್ದೆ. ಮೊದಲ ತಿರುವಿನಲ್ಲೇ ಚಮಚಗಳೆಲ್ಲ ನೆಲಕ್ಕೆ.

ಆದರೂ ದೊಡ್ಡದೇ ಯಾಕೆ ಅಂದರೆ, ಹಾಸಿಗೆ.

ಪುಟ್ಟ ವ್ಯಾನಿನಲ್ಲಿ ಹಗಲು ಕೂರುವ ಸೀಟೇ ರಾತ್ರಿ ಹಾಸಿಗೆ. ಬಾಡಿಗೆಯವರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿ, ಐದು ನಿಮಿಷದ ಕೆಲಸ ಅಂದರು. ನಮಗೆ ಹಿಡಿದದ್ದು ಮುಕ್ಕಾಲು ಗಂಟೆ. ಮೇಜಿನ ಕಾಲು ಕಳಚಬೇಕು, ಹಲಗೆಯನ್ನು ಎರಡು ಸೀಟಿನ ನಡುವೆ ಕೂರಿಸಬೇಕು, ಅದರ ಮೇಲೆ ಮೆತ್ತೆಗಳನ್ನು ಜೋಡಿಸಬೇಕು. ಐದು ಮೆತ್ತೆ, ಒಂದೊಂದೂ ಒಂದೊಂದು ಅಳತೆ. ಎಲ್ಲಾ ಸರಿಹೋಯಿತು ಅನ್ನೋವಾಗ ಕೊನೆಯದು ಕೂರುವುದಿಲ್ಲ. ಮತ್ತೆ ಮೊದಲಿಂದ. ನಿಂತು ಮಾಡೋಣ ಅಂದರೆ ನಿಲ್ಲುವ ಜಾಗದಲ್ಲೇ ಹಾಸಿಗೆ ಬರಬೇಕು. ಅಷ್ಟರಲ್ಲಿ ಸೂಟ್‌ಕೇಸ್ ಎಲ್ಲಿಡೋದು? ಡ್ರೈವರ್ ಸೀಟಿನ ಮೇಲೆ. (ಗಟ್ಟಿ ಸೂಟ್‌ಕೇಸ್ ತರಲೇಬೇಡಿ, ಬಟ್ಟೆಯ ಬ್ಯಾಗೇ ಸರಿ.)

ಇನ್ನೊಂದು ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ರಾತ್ರಿ ಒಂಬತ್ತಕ್ಕೂ ಸೂರ್ಯ ಇರುತ್ತಾನೆ. ಟೆಕಾಪೊಗೆ ಹೋಗೋದೇ ನಕ್ಷತ್ರ ನೋಡೋಕೆ, ಆ ಸೀಮೆಯ ಆಕಾಶವನ್ನು 2012ರಲ್ಲೇ ಕತ್ತಲ ಆಕಾಶದ ರಕ್ಷಿತ ಪ್ರದೇಶ ಅಂತ ಗುರುತಿಸಿದ್ದಾರೆ. ಸರಿಯಾಗಿ ಕತ್ತಲಾಗೋಕೆ ಹನ್ನೊಂದೂವರೆಯಾದರೂ ಬೇಕು. ಅಲ್ಲಿವರೆಗೆ ಕೂರೋದೆಲ್ಲಿ? ಹಾಸಿಗೆ ಹಾಕಿದರೆ ಸೀಟಿಲ್ಲ, ಸೀಟಿದ್ದರೆ ಹಾಸಿಗೆಯಿಲ್ಲ. ಹೊರಗೆ ಚಳಿ.

ಬೆಳಿಗ್ಗೆ ಐದಕ್ಕೆ ನನಗೆ ಎಚ್ಚರ. ಮನೆಯಲ್ಲಾದರೆ ಮೊದಲ ಕೆಲಸ ಫಿಲ್ಟರ್‌ಗೆ ಪುಡಿ ಹಾಕೋದು. ಪುಡಿ ಡಬ್ಬಿ ಇದ್ದದ್ದು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ. ಅಂದರೆ ಹಲಗೆಯ ಕೆಳಗೆ, ಮೆತ್ತೆಯ ಕೆಳಗೆ, ನಮ್ಮನೆಯವರ ಬೆನ್ನಿನ ಕೆಳಗೆ. ಅವರು ಏಳೋದು ಎಂಟಕ್ಕೆ. ಮೂರು ಗಂಟೆ ಸುಮ್ನೆ ಸೀಲಿಂಗ್ ನೋಡುತ್ತಾ ಮಲಗಿದ್ದೆ. ಪ್ರವಾಸದ ಮೊದಲ ಬೆಳಿಗ್ಗೆಯೇ ಜಗಳ.

ದೊಡ್ಡದರಲ್ಲಿ ಡ್ರೈವರ್ ತಲೆಯ ಮೇಲೊಂದು ಹಾಸಿಗೆ, ಅದು ಯಾವಾಗಲೂ ಹಾಸಿಯೇ ಇರುತ್ತದೆ. ಅದು ನಮಗೆ. ಹಿಂದಿನ ಸೋಫಾವನ್ನು ಮೊದಲ ದಿನವೇ ಹಾಸಿಗೆ ಮಾಡಿ ಅತ್ತೆ ಮಾವನಿಗೆ ಬಿಟ್ಟುಕೊಟ್ಟೆವು, ಆಮೇಲೆ ಮುಟ್ಟಲೇ ಇಲ್ಲ. ನಡುವೆ ಊಟದ ಮೇಜು ಹಾಗೇ ಉಳಿಯಿತು. ನಾಲ್ಕು ಜನಕ್ಕೆ ನಾಲ್ಕರ ಗಾಡಿ ತಗೊಂಡರೆ ಮತ್ತೆ ಅದೇ ಮೆತ್ತೆ ಪುರಾಣ. ಜನಕ್ಕಿಂತ ಎರಡು ಹಾಸಿಗೆ ಜಾಸ್ತಿಯಿರುವುದನ್ನೇ ನೋಡಿ. ಐದೂಕಾಲಿಗೆ ಮಾವ "ಏನಮ್ಮಾ, ಕಾಫಿ ಆಯ್ತಾ?" ಅಂದಾಗ ಡಿಕಾಕ್ಷನ್ ಇಳಿಯುತ್ತಿತ್ತು. ಮೇಲೆ ಒಬ್ಬರು ಗೊರಕೆ ಹೊಡೆಯುತ್ತಲೇ ಇದ್ದರು.

ಶೌಚದ ವಿಷಯ ಒಂದೇ ಮಾತು: ವ್ಯಾನಿನಲ್ಲಿ ಸೀಟಿನ ಕೆಳಗಿಂದ ಎಳೆಯುವ ಡಬ್ಬಿ, ದೊಡ್ಡದರಲ್ಲಿ ಬಾಗಿಲಿರುವ ಕೋಣೆ. 2023ರ ಕಾನೂನಿನ ಪ್ರಕಾರ, ಸೆಲ್ಫ್ ಕಂಟೇನ್ಡ್ (ನೀರು, ಶೌಚ ಎಲ್ಲಾ ಗಾಡಿಯಲ್ಲೇ ಇರುವುದು) ಅನ್ನಿಸಿಕೊಳ್ಳಲು ಗಾಡಿಗೇ ಕೂರಿಸಿದ ಶೌಚ ಬೇಕು, ಡಬ್ಬಿ ಸಾಲದು.

ಮಿಕ್ಸಿ ತಿರುಗಬೇಕಾದರೆ ಎರಡಕ್ಕೂ ಕರೆಂಟ್ ಇರುವ ಕ್ಯಾಂಪ್‌ಸೈಟೇ ಬೇಕು. ನಮ್ಮೂರಿನ 230 ವೋಲ್ಟೇ ಇಲ್ಲೂ, ಪ್ಲಗ್ ಮಾತ್ರ ಬೇರೆ.

ದುಡ್ಡು? ದೊಡ್ಡದಕ್ಕೆ ದಿನದ ಬಾಡಿಗೆ ನಮಗೆ ಹೆಚ್ಚುಕಡಿಮೆ ಎರಡರಷ್ಟು ಬಿತ್ತು. ಅದರ ಮೇಲೆ ಡೀಸೆಲ್ ಗಾಡಿಗೆ ಇಲ್ಲಿ ರಸ್ತೆ ತೆರಿಗೆ ಪಂಪಿನ ದರದಲ್ಲಿ ಸೇರಿರುವುದಿಲ್ಲ, ಓಡಿಸಿದ ಕಿಲೋಮೀಟರಿನ ಲೆಕ್ಕದಲ್ಲಿ ಬೇರೆ ಕಟ್ಟಬೇಕು. ಬಾಡಿಗೆಯವರು ವಾಪಸ್ ಕೊಡುವಾಗ ಅದನ್ನು ಬಿಲ್ಲಿಗೆ ಸೇರಿಸಿದರು. ಈ ಖರ್ಚನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಏಳು ರಾತ್ರಿ ಅಂದುಕೊಂಡಿದ್ದನ್ನು ನಾಲ್ಕಕ್ಕೆ ಇಳಿಸಿದ್ದೆವು.

ಮುಂದಿನ ಸಲ ನಾವಿಬ್ಬರೇ ಹೋದರೂ ನಾನು ನೋಡೋದು ನಾಲ್ಕು ಜನರ ಗಾಡಿಯನ್ನೇ, ಬೇಕಾದರೆ ದಿನ ಕಡಿಮೆಯಾಗಲಿ. ನಮ್ಮನೆಯವರು ಇನ್ನೂ ವ್ಯಾನಿನ ಪರ. ಅದರಲ್ಲಿ ಚೆನ್ನಾಗಿ ನಿದ್ದೆ ಬಂತಂತೆ.