ತುಮಕೂರಿನಲ್ಲಿ ‘ವೈಲ್ಡ್‌ಲೈಫ್ ಟ್ರೈನಿ’ ಅಂತ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಮುಂದಿನ ಬ್ಯಾಚ್ ಸೋಮವಾರ ಶುರು ಅಂತ ಆ ಟ್ರೈನಿಂಗ್ ನಡೆಸುವವರು ನಿನ್ನೆ ಸ್ಟೇಟಸ್ ಹಾಕಿದ್ದಾರೆ.

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಕಾಡುಪ್ರಾಣಿಗಳ ಕೆಲಸವೇ ಬೇಕು ಅಂತ ಒಂದು ವರ್ಷ ಕಾದೆ. ಆಗ ಕಂಡಿದ್ದು ಈ ಜಾಹೀರಾತು. ಮೂರು ತಿಂಗಳ ಟ್ರೈನಿಂಗ್, ಅರಣ್ಯ ಇಲಾಖೆ ಜೊತೆ ಫೀಲ್ಡ್ ವರ್ಕ್, ಎರಡನೇ ತಿಂಗಳಿಂದ 8,000 ಸ್ಟೈಪೆಂಡ್, ಆಮೇಲೆ ಪ್ರಾಜೆಕ್ಟಿನಲ್ಲೇ ಕೆಲಸ. ಮೊದಲು 18,500 ಕಟ್ಟಬೇಕು. ಅಪ್ಪ ತಿಪಟೂರಿಗೆ ಕೊಬ್ಬರಿ ಹಾಕಿ ಬಂದ ದುಡ್ಡಲ್ಲಿ ಎಣಿಸಿ ಕೊಟ್ಟರು. ಒಂದು ಪ್ರಶ್ನೆ ಕೇಳಲಿಲ್ಲ.

ಮೊದಲ ವಾರ ಕಗ್ಗಲಡುಗೆ ಕರೆದುಕೊಂಡು ಹೋದರು. ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಎಣಿಸಿದೆವು. ಊರಿನವರೇ ಕಾಪಾಡಿಕೊಂಡು ಬಂದ ಹಕ್ಕಿಗಳು, ಯಾರು ಬೇಕಾದರೂ ಹೋಗಿ ನೋಡಬಹುದು. ಅದಕ್ಕೆ ನಾನು ದುಡ್ಡು ಕಟ್ಟಿದ್ದೆ! ಇನ್ನೊಂದು ದಿನ ದೇವರಾಯನದುರ್ಗದ ಹತ್ತಿರ ಒಬ್ಬ ಹುಡುಗನ ಕೈಗೆ ಕೇರೆಹಾವು ಹಿಡಿಸಿ ಫೋಟೊ ತೆಗೆದರು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಿಡಿಯುವುದೂ ಬೇಟೆಯೇ. ಕೇಸ್ ಬಿದ್ದಿದ್ದರೆ ಆ ಹುಡುಗನ ಮೇಲೂ ಬೀಳುತ್ತಿತ್ತು.

ಆಮೇಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. 2007ರಲ್ಲಿ ಘೋಷಣೆಯಾದ 798 ಎಕರೆಯ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಅಲ್ಲಿ ನಾನು ಮನಸ್ಸಿಟ್ಟು ಕೆಲಸ ಮಾಡಿದೆ. ದೊಡ್ಡ ಗಂಡಾದರೆ ಕಪ್ಪು ಬೆನ್ನು, ತಿರುಚಿದ ಕೊಂಬು, ದೂರದಿಂದಲೇ ಗೊತ್ತಾಗುತ್ತದೆ. ಎಳೆ ಗಂಡು ಹೆಣ್ಣಿನ ಬಣ್ಣದಲ್ಲೇ ಇರುತ್ತದೆ, ಕೊಂಬು ನೋಡಿಯೇ ಹೇಳಬೇಕು. ಒಂದೊಂದು ಗುಂಪಿಗೆ ಅರ್ಧ ಗಂಟೆ ಬಿಸಿಲಲ್ಲಿ ನಿಂತು ಗಂಡು, ಹೆಣ್ಣು, ಮರಿ ಅಂತ ಬರೆದೆ. ಈ ಲೆಕ್ಕ ಇಲಾಖೆಗೆ ಹೋಗುತ್ತೆ ಅಂದಿದ್ದರು.

ಎರಡನೇ ಸಲ ಹೋದಾಗ ಅಲ್ಲಿನ ವಾಚರ್ ಕೇಳಿದರು, “ಏನಮ್ಮಾ ಬರ್ಕೊಳ್ತಿದ್ದೀಯ? ಪರ್ಮಿಷನ್ ಲೆಟರ್ ಎಲ್ಲಿ?” ನಾನು ಟ್ರೈನಿಂಗ್ ಕೊಡುತ್ತಿದ್ದ ಸಾರ್ ಮುಖ ನೋಡಿದೆ. ಸಾರ್ ನಕ್ಕು, “ಮಕ್ಕಳು, ಸುಮ್ನೆ ನೋಡೋಕೆ ಬಂದಿದ್ದಾರೆ” ಅಂದರು. ಮಕ್ಕಳು! ಸುಮ್ನೆ ನೋಡೋಕೆ!

ಅವತ್ತೇ ಸಂಜೆ ದಾರಿಯಲ್ಲಿ ಬೋಂಡ ತಂದರು. ಕಾರಿನ ಹಿಂದಿನ ಸೀಟಿನಿಂದ ಹಾಳೆ ತೆಗೆದು, ಹರಿದು, ಒಬ್ಬೊಬ್ಬರಿಗೆ ಎರಡೆರಡು ಹಾಕಿ ಕೊಟ್ಟರು. ನನ್ನ ಬೋಂಡದ ಕೆಳಗೆ ನನ್ನದೇ ಅಕ್ಷರ. ಗಂಡು 3, ಹೆಣ್ಣು 11, ಮರಿ 2. ಎಣ್ಣೆ ಇಳಿದು ನೀಲಿ ಇಂಕು ಹರಡಿತ್ತು. ಹೋದ ವಾರದ ಹಾಳೆ ಅದು. ಇಲಾಖೆಗೆ ಹೋಗಬೇಕಿದ್ದ ಹಾಳೆ. ಬೋಂಡ ಗಂಟಲಲ್ಲಿ ಇಳಿಯಲಿಲ್ಲ.

ರಾತ್ರಿ ಮೆಸೇಜ್ ಮಾಡಿದೆ, ಅನುಮತಿ ಪತ್ರದ ಕಾಪಿ ಕಳಿಸಿ ಸಾರ್ ಅಂತ. “ಟ್ರೈನಿಗಳಿಗೆ ಅದು ಬೇಕಾಗಲ್ಲ” ಅಂದರು. ಸ್ಟೈಪೆಂಡ್ ಕೇಳಿದೆ. “ಪ್ಯಾಷನ್ ಇರೋರು ದುಡ್ಡಿನ ಮಾತಾಡಲ್ಲ” ಅಂದರು. ಹಾಗಾದರೆ ಕಟ್ಟಿದ್ದು ವಾಪಸ್ ಕೊಡಿ ಅಂದೆ. “ನಿಮ್ಮಂಥವರಿಗೆ ಕಾಡು ಆಗಿಬರಲ್ಲಮ್ಮ, ಬ್ಯಾಂಕ್ ಪರೀಕ್ಷೆ ಕಟ್ಟಿ.” ಇದನ್ನು ನಾಲ್ಕೈದು ಸಲ ಓದಿದೆ. ನನ್ನಿಂದ ದುಡ್ಡು ತಗೊಂಡವರು ದುಡ್ಡಿನ ಮಾತಾಡಬೇಡ ಅಂತಾರೆ! ಮಾರನೇ ದಿನ ಗ್ರೂಪಿನಿಂದ ತೆಗೆದರು.

ಮೊದಲೇ ತಿಳ್ಕೋಬೇಕಿತ್ತು. ಕೋರ್ಸಿಗೆ ಫೀಸ್ ಇರುತ್ತೆ, ಅದು ಬೇರೆ. ಟ್ರೈನಿ ಅಂದರೆ ಕೆಲಸ ಮಾಡುವವರು, ಅವರಿಗೆ ಸಂಸ್ಥೆಯೇ ಕೊಡಬೇಕು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಪ್ರಾಜೆಕ್ಟ್‌ಗಳಿಗೆ ಜನ ಕರೆಯುವಾಗ ತಿಂಗಳಿಗೆ ಎಷ್ಟು ಅಂತ ಜಾಹೀರಾತಿನಲ್ಲೇ ಹಾಕುತ್ತದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಸಂಶೋಧನೆ ಮಾಡಲು 1972ರ ಕಾಯ್ದೆ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಯಾರಾದರೂ ‘ಇಲಾಖೆ ಜೊತೆ’ ಅಂದರೆ ಆ ಪತ್ರ ಕೇಳಿ. ವಾಟ್ಸ್ಆ್ಯಪಿನಲ್ಲಿ ಫೋಟೊ ಬೇಡ, ಕೈಗೆ ತಗೊಂಡು ಓದಿ. ನಿಮ್ಮ ಊರಿನ ವಲಯ ಅರಣ್ಯ ಕಚೇರಿಗೆ ಹೋಗಿ ಹೌದಾ ಅಂತ ಕೇಳಿ. ನಾನು ಒಂದು ದಿನ ಹೋಗಿ ಕೇಳಿದ್ದರೆ ಅಪ್ಪನ ದುಡ್ಡು ಉಳಿಯುತ್ತಿತ್ತು.

ಅಪ್ಪನಿಗೆ ಹೇಳಿದಾಗ, “ಹೋಗ್ಲಿ ಬಿಡವ್ವ” ಅಂದರು, ಅಷ್ಟೇ. ಬೈದಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಹೊಸ ಬ್ಯಾಚಿನ ಸ್ಟೇಟಸ್‌ನಲ್ಲಿ ಒಬ್ಬ ಹುಡುಗಿ ಮೈದನಹಳ್ಳಿಯ ವಾಚ್ ಟವರ್ ಮೇಲೆ ಬೈನಾಕ್ಯುಲರ್ ಹಿಡಿದು ನಗುತ್ತಾ ನಿಂತಿದ್ದಾಳೆ. ಕೆಳಗೆ ‘ನಮ್ಮ ಯಶಸ್ವಿ ಟ್ರೈನಿ’ ಅಂತ ಇದೆ. ಅದು ನಾನೇ. ಆ ಫೋಟೊ ನೋಡಿ ದುಡ್ಡು ಕಟ್ಟಬೇಡಿ.