36 ಮಕ್ಕಳ ನಾಟಕಕ್ಕೆ ವೇಷ ಬಾಡಿಗೆ: ಉಡುಪಿಯ ಅಂಗಡಿಯೊಂದರ ಅನುಭವ

ನಮ್ಮ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಕಳೆದ ಡಿಸೆಂಬರ್‌ನಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ 36 ಮಕ್ಕಳನ್ನು ಸೇರಿಸಿ, ರಷ್ಯಾದ ನಿಕೊಲಾಯ್ ಗೊಗೊಲ್ ಬರೆದ ‘ಇನ್‌ಸ್ಪೆಕ್ಟರ್ ಜನರಲ್’ ನಾಟಕವನ್ನು ಕರಾವಳಿಯ ಒಂದು ಪುರಸಭೆಗೆ ಒಗ್ಗಿಸಿಕೊಂಡು ಆಡಿಸಿದೆವು. ಊರಿಗೆ ಬಂದ ಯಾರೋ ಒಬ್ಬನನ್ನು ಸರಕಾರದ ತನಿಖಾಧಿಕಾರಿಯೆಂದು ತಪ್ಪಾಗಿ ತಿಳಿದು, ಊರಿನ ಅಧಿಕಾರಿಗಳೆಲ್ಲ ಬೆದರಿ ಓಲೈಸುವ ವಿಡಂಬನೆ ಅದು. ಉಡುಪು, ಟೋಪಿ, ವಿಗ್ಗು, ಮೀಸೆ ಮತ್ತು ಬಣ್ಣ ಹಚ್ಚುವ ಕೆಲಸ ಎಲ್ಲವನ್ನೂ ಉಡುಪಿ ಪೇಟೆಯ ಒಂದೇ ಬಾಡಿಗೆ ಅಂಗಡಿಗೆ ಒಪ್ಪಿಸಿದ್ದೆವು. ಮೆಚ್ಚುಗೆಯ ಜೊತೆ ತಕರಾರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಶಾಲೆಯಲ್ಲಿ ದೊಡ್ಡ ಮೇಳದ ನಾಟಕ ಕಟ್ಟಲು ಹೊರಟವರಿಗೆ ಇಂಥ ಅಂಗಡಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ತಿಳಿದರೆ ಸಾಕು.

ನಮ್ಮ ಕಡೆಯ ವೇಷದ ಅಂಗಡಿಗಳ ಕಪಾಟು ಹಬ್ಬಗಳ ಲೆಕ್ಕಕ್ಕೆ ತುಂಬಿರುತ್ತದೆ. ಅಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆಗೆ ಬೇಕಾಗುವ ನವಿಲುಗರಿಯ ಕಿರೀಟಗಳು, ಅವುಗಳ ಪಕ್ಕದಲ್ಲಿ ಭಾರತಮಾತೆ, ಒನಕೆ ಓಬವ್ವ, ರಾಣಿ ಅಬ್ಬಕ್ಕರ ಸೀರೆಗಳು, ಮೇಲಿನ ಅಟ್ಟದಲ್ಲಿ ಯಕ್ಷಗಾನದ ಭುಜಕೀರ್ತಿ, ಎದೆಪದಕಗಳು. ನನಗೆ ಬೇಕಾಗಿದ್ದದ್ದು ಕಂದಾಯ ನಿರೀಕ್ಷಕನ ಸಫಾರಿ, ಗುತ್ತಿಗೆದಾರನ ಗರಿಗರಿ ಬಿಳಿ ಅಂಗಿ, ಅಂಚೆ ಮಾಸ್ತರರ ಮಾಸಿದ ಕೋಟು. ದೇವರುಗಳು ಡಜನುಗಟ್ಟಲೆ ಸಿಗುವ ಅಂಗಡಿಯಲ್ಲಿ ಸರಕಾರಿ ನೌಕರನೊಬ್ಬನನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು. ಇದು ಈ ಅಂಗಡಿಯೊಂದರ ಕೊರತೆಯಲ್ಲ. ನಾನು ವಿಚಾರಿಸಿದ ಬೇರೆ ಎರಡು ಕಡೆಗಳಲ್ಲಿ ಸಫಾರಿ ಎಂಬ ಮಾತಿಗೇ ನಕ್ಕುಬಿಟ್ಟಿದ್ದರು.

ಇಲ್ಲಿಯ ಮಾಲೀಕರು ನಗಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆಯೇ ನನ್ನನ್ನು ಆ ಅಂಗಡಿಗೆ ಕಟ್ಟಿಹಾಕಿತು: “ಮಾಷ್ಟ್ರೇ, ಎಷ್ಟು ಜನ ಮಕ್ಕಳು ಅಂತ ಆಮೇಲೆ ಹೇಳಿ, ಒಟ್ಟಿಗೆ ಸ್ಟೇಜಿನ ಮೇಲೆ ಎಷ್ಟು ಜನ ನಿಲ್ಲಲಿಕ್ಕುಂಟು ಅದು ಹೇಳಿ ಮೊದಲು.” ಕೊನೆಯ ದೃಶ್ಯದಲ್ಲಿ 30 ಮಂದಿ ಎಂದಾಗ ಅವರು ಮಾಪನದ ಟೇಪನ್ನು ಕೆಳಗಿಟ್ಟು ಟೋಪಿಗಳ ಡಬ್ಬಿ ತೆಗೆಸಿದರು. ನಮ್ಮ ಜನ ತಲೆ ನೋಡಿಯೇ ವೇಷವನ್ನು ಗುರುತಿಸುವವರು, ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅಂಗಿಯ ಬಣ್ಣ ಕಾಣುವುದಿಲ್ಲ, ತಲೆಯ ಆಕಾರ ಕಾಣುತ್ತದೆ ಎಂಬುದು ಅವರ ವಾದವಾಗಿತ್ತು. ಯಕ್ಷಗಾನದ ರಾಜವೇಷ, ಪುಂಡುವೇಷ, ಬಣ್ಣದ ವೇಷಗಳನ್ನು ಕಿರೀಟ ಮತ್ತು ಮುಂಡಾಸಿನಿಂದಲೇ ದೂರದಿಂದ ಗುರುತಿಸುತ್ತ ಬೆಳೆದ ಪ್ರೇಕ್ಷಕರಿಗೆ ಇದಕ್ಕಿಂತ ಸರಿಯಾದ ಲೆಕ್ಕ ಇರಲಾರದು. ಅಧ್ಯಕ್ಷರಿಗೆ ಜರಿಯ ಪೇಟ, ಆರೋಗ್ಯ ನಿರೀಕ್ಷಕನಿಗೆ ಎಣ್ಣೆ ಹಚ್ಚಿ ಬಾಚಿದ ಬೈತಲೆಯ ವಿಗ್ಗು, ಅಂಚೆ ಮಾಸ್ತರರಿಗೆ ಮಂಕಿ ಕ್ಯಾಪು, ಗುತ್ತಿಗೆದಾರನಿಗೆ ಹಣೆಗೇರಿಸಿದ ತಂಪು ಕನ್ನಡಕ. ಪಾತ್ರಗಳ ಹೆಸರು ನೆನಪಿರದಿದ್ದರೂ ಯಾರು ಯಾರೆಂಬ ಗೊಂದಲ ಕೊನೆಯ ಸಾಲಿನ ಅಜ್ಜಿಯರಿಗೂ ಆಗಲಿಲ್ಲ.

ಗೊಗೊಲ್ ಕೂಡ ಈ ವಿಷಯದಲ್ಲಿ ಸಡಿಲ ಬಿಟ್ಟವನಲ್ಲ. ನಾಟಕದ ಆರಂಭದಲ್ಲಿಯೇ ಪಾತ್ರಗಳ ಸ್ವಭಾವ ಮತ್ತು ಉಡುಪಿನ ಬಗ್ಗೆ ನಟರಿಗೆಂದು ಟಿಪ್ಪಣಿ ಬರೆದಿಟ್ಟಿದ್ದಾನೆ. ಬಾಬ್‌ಚಿನ್‌ಸ್ಕಿ, ದಾಬ್‌ಚಿನ್‌ಸ್ಕಿ ಎಂಬ, ಊರೆಲ್ಲ ಸುದ್ದಿ ಹಬ್ಬಿಸುವ ಇಬ್ಬರು ಗಿಡ್ಡಗೆ, ಪುಟ್ಟ ಹೊಟ್ಟೆಯವರಾಗಿ, ಒಬ್ಬರಂತೆ ಇನ್ನೊಬ್ಬರು ಕಾಣಬೇಕು. ಎರಡನೆಯವನು ತುಸು ಎತ್ತರ, ತುಸು ಗಂಭೀರ, ಅಷ್ಟೇ ವ್ಯತ್ಯಾಸ. ಹೀಗಿದ್ದೂ 1836ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಅಲೆಕ್ಸಾಂಡ್ರಿನ್‌ಸ್ಕಿ ರಂಗಮಂದಿರದಲ್ಲಿ, ಸ್ವತಃ ಚಕ್ರವರ್ತಿ ಒಂದನೆಯ ನಿಕೊಲಾಸ್ ಬಂದು ನೋಡಿದ ಮೊದಲ ಪ್ರದರ್ಶನದಲ್ಲಿ, ಈ ಇಬ್ಬರಿಗೆ ಕೆದರಿದ ಎತ್ತರದ ವಿಗ್ಗು ತೊಡಿಸಿ ಕೋಡಂಗಿಗಳನ್ನಾಗಿ ಮಾಡಿದ್ದರೆಂದು ಗೊಗೊಲ್ ಬಹಳ ನೊಂದುಕೊಂಡಿದ್ದ. ನಟ ನಗಿಸಲು ಹೆಣಗದಷ್ಟೂ ನಗು ಹೆಚ್ಚು ಹುಟ್ಟುತ್ತದೆ ಎಂಬುದು ಅವನ ಪಟ್ಟು. ನಮ್ಮ ಅಂಗಡಿಯ ಹುಡುಗ ಈ ಜೋಡಿಗೆ ಮೊದಲು ತಂದದ್ದೂ ಕೆಂಪು ಮೂಗು ಮತ್ತು ಗುಂಗುರು ವಿಗ್ಗುಗಳನ್ನೇ. ಮಕ್ಕಳ ನಾಟಕವೆಂದರೆ ಛದ್ಮವೇಷವೆಂದೇ ಅವನು ತಿಳಿದಿದ್ದ. ಮಾಲೀಕರಿಗೆ ಹಳೆಯ ಸಂಗತಿಯನ್ನು ವಿವರಿಸಿದ ಮೇಲೆ ಅವರು ಒಂದೇ ಥಾನಿನ ಬಟ್ಟೆಯಿಂದ ಎರಡು ತೋಳಿಲ್ಲದ ಕೋಟುಗಳನ್ನು ಹೊಲಿಸಿಕೊಟ್ಟರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಆ ಎರಡು ಕೋಟುಗಳೇ ನನ್ನ ಪ್ರಕಾರ ಇಡೀ ಬಾಡಿಗೆಯ ಬೆಲೆ ಬಾಳುತ್ತವೆ.

ಶಾಲೆಯಲ್ಲಿ ರಾಜಕೀಯ ವಿಡಂಬನೆ ಆಡಿಸುವವರು ಮಾತುಗಳಿಗಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಶಾಲಿನ ಬಣ್ಣದ ವಿಷಯದಲ್ಲಿ. ಪುರಸಭೆಯ ಅಧ್ಯಕ್ಷರೆಂದ ಮೇಲೆ ಹೆಗಲ ಮೇಲೊಂದು ಶಾಲು ಬೇಕೇ ಬೇಕು. ಕೇಸರಿ ಆಗದು, ಹಸಿರು ಆಗದು, ನೀಲಿ ಮತ್ತು ಕೆಂಪಿಗೂ ವಾರಸುದಾರರಿದ್ದಾರೆ, ಮೂರು ಬಣ್ಣದ ಅಂಚು ಅಪಾಯ, ಹಳದಿ ಕೆಂಪು ಸೇರಿದರೆ ಕನ್ನಡದ ಬಾವುಟ. ಪೋಷಕರಲ್ಲಿ ಎಲ್ಲ ಪಕ್ಷದವರೂ ಇರುವ, ಊರಿನ ಚುನಾಯಿತ ಪ್ರತಿನಿಧಿಗಳೇ ಮುಖ್ಯ ಅತಿಥಿಗಳಾಗಿ ಮುಂದಿನ ಸಾಲಿನಲ್ಲಿ ಕೂರುವ ಸಭೆಯಲ್ಲಿ ಒಂದು ಗಜ ಬಟ್ಟೆಯ ಬಣ್ಣ ನಾಟಕದ ಅರ್ಥವನ್ನೇ ಕದ್ದೊಯ್ಯಬಲ್ಲದು: ಎಲ್ಲರೂ ತಮ್ಮನ್ನು ಕಂಡುಕೊಳ್ಳಬೇಕಾದ ಕಡೆ ಒಬ್ಬರನ್ನು ಬೆರಳು ತೋರಿಸಿದಂತಾಗುತ್ತದೆ. ಮಾಲೀಕರು ಶಾಲುಗಳನ್ನು ಒಂದೊಂದಾಗಿ ಬಿಡಿಸುತ್ತ, “ಇದೂ ಬೇಡ ಮಾರಾಯ್ರೇ, ನಾಳೆ ನನ್ನ ಅಂಗಡಿಗೆ ಕೇಳ್ಲಿಕ್ಕೆ ಬರ್ತಾರೆ” ಎಂದು ಪಕ್ಕಕ್ಕಿಟ್ಟು, ಕೊನೆಗೆ ಬದನೆ ಬಣ್ಣವೊಂದನ್ನು ಆರಿಸಿದರು. (ನಮ್ಮ ಮಟ್ಟುಗುಳ್ಳದ ಹಸಿರಲ್ಲ, ಪೇಟೆಯ ಬದನೆಯ ನೇರಳೆ.) ಈ ವಿವೇಕ ಯಾವ ದರಪಟ್ಟಿಯಲ್ಲಿಯೂ ಇರುವುದಿಲ್ಲ.

ಇನ್ನು ತಕರಾರುಗಳು. ಅಂಗಡಿಯಲ್ಲಿರುವ ಕೋಟು, ಸಫಾರಿಗಳೆಲ್ಲ ದೊಡ್ಡವರ ಅಳತೆಯವು. ಮೂರು ವಾರ ಮೊದಲೇ ಪ್ರತಿ ಮಗುವಿನ ಎತ್ತರ, ಎದೆ, ಸೊಂಟದ ಅಳತೆಯನ್ನು ಬರೆದು ಕೊಟ್ಟಿದ್ದರೂ ಬಂದ ಮೂಟೆಯಲ್ಲಿ ಒಂಬತ್ತು ಪ್ಯಾಂಟುಗಳನ್ನು ಸೇಫ್ಟಿ ಪಿನ್ನು ಮತ್ತು ಲಾಡಿಯಿಂದ ಹಿಡಿದು ನಿಲ್ಲಿಸಬೇಕಾಯಿತು. ಅಧಿಕಾರಿಯ ಪಾತ್ರವೆಂದರೆ ಗಂಡಸು ಎಂದೇ ಲೆಕ್ಕ ಹಾಕಿ ಹುಡುಗಿಯರಿಗೂ ಮೀಸೆ ಕಳುಹಿಸಿದ್ದರು. ನಮ್ಮ ಮೇಳದಲ್ಲಿ 21 ಮಂದಿ ಹುಡುಗಿಯರಿದ್ದು, ಮುಖ್ಯಾಧಿಕಾರಿ ಮತ್ತು ಶಿಕ್ಷಣಾಧಿಕಾರಿ ಪಾತ್ರಗಳನ್ನು ನಾನು ಹೆಂಗಸರನ್ನಾಗಿಯೇ ಬದಲಿಸಿದ್ದೆ. ಕಾಟನ್ ಸೀರೆ, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಊಟದ ಬುತ್ತಿಯ ಚೀಲ ಇಷ್ಟರಿಂದ ಆ ಪಾತ್ರಗಳು ಮೀಸೆಯವರಿಗಿಂತ ಹೆಚ್ಚು ನಿಜವಾಗಿ ಕಂಡವು. ಆ ಸೀರೆಗಳನ್ನು ನಮ್ಮ ಶಿಕ್ಷಕಿಯರೇ ತಮ್ಮ ಮನೆಗಳಿಂದ ತಂದರು.

ಮೀಸೆಯ ಪ್ರಕರಣದಲ್ಲಿ ನನ್ನ ತಪ್ಪೂ ಇದೆ. ಹಿಂದಿನ ದಿನದ ಪ್ರಯೋಗದಲ್ಲಿ ಅಂಟಿಸುವ ಗಮ್‌ನಿಂದ ಒಬ್ಬ ಹುಡುಗನ ತುಟಿಯ ಮೇಲೆ ಕೆಂಪು ದದ್ದು ಎದ್ದಾಗ, ಬಣ್ಣದವರು ಪೆನ್ಸಿಲಿನಿಂದ ಮೀಸೆ ಬರೆಯೋಣವೆಂದರು. ನಾನು ಒಪ್ಪದೆ ಎರಡು ಬದಿಯ ಟೇಪು ಹಾಕಿಸಿದೆ. ಡಿಸೆಂಬರ್‌ನಲ್ಲಿಯೂ ನಮ್ಮ ಊರಿನ ವೇದಿಕೆಯ ದೀಪದ ಕೆಳಗೆ ಬೆವರು ನಿಲ್ಲುವುದಿಲ್ಲ. ನಾಟಕದ ಕೊನೆಗೆ, ನಿಜವಾದ ಅಧಿಕಾರಿ ಬಂದಿದ್ದಾರೆಂಬ ಸುದ್ದಿ ಕೇಳಿ ಎಲ್ಲರೂ ಕಲ್ಲಾಗಿ ನಿಲ್ಲುವ ಮೂಕ ದೃಶ್ಯವಿದೆ. ಸುಮಾರು ಒಂದೂವರೆ ನಿಮಿಷ ಹಾಗೆಯೇ ನಿಲ್ಲಬೇಕೆಂದು ಗೊಗೊಲ್ ಬರೆದಿದ್ದಾನೆ, ನಮ್ಮ ಮಕ್ಕಳು 40 ಸೆಕೆಂಡುಗಳಿಗೆ ಪಳಗಿದ್ದರು. ಅಷ್ಟರಲ್ಲಿ ಪೊಲೀಸ್ ಇನ್‌ಸ್ಪೆಕ್ಟರನ ಎಡಗಡೆಯ ಮೀಸೆ ಮೆಲ್ಲಗೆ ಇಳಿದು ಗಲ್ಲಕ್ಕೆ ಬಂತು. ಆ ಹುಡುಗ ಕಣ್ಣು ಕೂಡ ಮಿಟುಕಿಸಲಿಲ್ಲ. ಸಭೆ ನಕ್ಕಿತು, ನಗಬಾರದ ಜಾಗದಲ್ಲಿ ನಕ್ಕಿತು. ಹದಿಮೂರು ಹದಿನಾಲ್ಕರ ಮುಖಗಳಿಗೆ ಅಂಟಿನ ಮೀಸೆ ಬೇಡವೇ ಬೇಡ, ಪೆನ್ಸಿಲ್ ಸಾಕು.

ಬಣ್ಣ ಹಚ್ಚಲು ಇಬ್ಬರು ಬಂದಿದ್ದರು. ಮಧ್ಯಾಹ್ನ ಎರಡಕ್ಕೆ ಬರುವವರು ಮೂರೂಕಾಲಿಗೆ ಬಂದದ್ದರಿಂದ ಕೊನೆಯ ಹತ್ತು ಮಕ್ಕಳಿಗೆ ಪೌಡರು, ಕಾಡಿಗೆಯಲ್ಲೇ ಮುಗಿಸಬೇಕಾಯಿತು. 30 ಮೀರಿದ ಮೇಳವಿದ್ದರೆ ಮೂವರನ್ನು ಕೇಳಿ ಪಡೆಯುವುದು ಒಳ್ಳೆಯದು. ಅವರ ಕೈಕೆಲಸ ಮಾತ್ರ ಹದವಾಗಿತ್ತು. ಮಕ್ಕಳ ಮುಖಕ್ಕೆ ಸುಣ್ಣ ಬಳಿದಂತೆ ಬಿಳಿ ಹಚ್ಚುವ ಚಾಳಿ ಅವರಿಗಿರಲಿಲ್ಲ.

ಲೆಕ್ಕ ಹೀಗಿತ್ತು: ವೇಷಕ್ಕೆ ದಿನಕ್ಕೆ 180 ರೂಪಾಯಿಯಂತೆ 36 ವೇಷಗಳಿಗೆ 6,480, ಬಣ್ಣದವರಿಗೆ 3,000, ಗಾಡಿ ಬಾಡಿಗೆ 600, ಒಟ್ಟು 10,080 ರೂಪಾಯಿ. ಹಿಂದಿನ ದಿನದ ಪ್ರಯೋಗಕ್ಕೆ ಬಟ್ಟೆ ಕೊಟ್ಟದ್ದಕ್ಕೆ ಎರಡನೆಯ ದಿನದ ಬಾಡಿಗೆ ಹಿಡಿಯಲಿಲ್ಲ, ಆದರೆ ಅದನ್ನು ಮೊದಲೇ ಮಾತಾಡಿಕೊಂಡಿರಬೇಕು. ರಸೀದಿ ಕೇಳಿ ಪಡೆಯಬೇಕು. ಶಾಲೆಯ ಲೆಕ್ಕಪತ್ರಕ್ಕೆ ಅದಿಲ್ಲದೆ ನಡೆಯುವುದಿಲ್ಲ, ಅವರಾಗಿ ಕೊಡುವ ರೂಢಿಯಿಲ್ಲ. ಮುಂಗಡ ಠೇವಣಿ 5,000ದಲ್ಲಿ ಕಾಣೆಯಾದ ಮಂಕಿ ಕ್ಯಾಪಿಗೆಂದು 150 ಹಿಡಿದು ಉಳಿದದ್ದನ್ನು ಮರುದಿನವೇ ಹಿಂದಿರುಗಿಸಿದರು. ಶಾಲಾ ವಾರ್ಷಿಕೋತ್ಸವಗಳೆಲ್ಲ ನವೆಂಬರ್‌ನಿಂದ ಜನವರಿಯೊಳಗೆ ಬರುವುದರಿಂದ, ನವರಾತ್ರಿಯ ವೇಷಗಳು ಒಗೆದು ಕಪಾಟಿಗೆ ಮರಳುವ ವಾರದಲ್ಲೇ ಹೋಗಿ ಸಫಾರಿಗಳನ್ನು ಕಾದಿರಿಸುವುದು ಲೇಸು. ಅಂಗಡಿಯಲ್ಲಿ ಇರುವುದು ಆರೇ.