ಕುರ್ಚಿಯಿಂದ ಕಡಿಮೆ ಏಳಿಸಿದ ಡ್ರೈವರ್: ಎಸ್‌ಕ್ಯೂಎಲ್ ಸರ್ವರ್‌ಗೆ ನಾಲ್ಕು ದಾರಿ

ಸಾಗರದ ಕಡೆಯ ಒಂದು ಅಡಿಕೆ ಮಂಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಟ್ಟು 26 ಪಿಸಿ, ಒಂದು ಸರ್ವರ್. ತೂಕದ ಕೌಂಟರ್, ಬಿಲ್ಲಿಂಗ್, ಸಾಲದ ಖಾತೆ, ಮಹಡಿಯ ಮೇಲಿನ ಅಕೌಂಟ್ಸ್, ಎಲ್ಲ ಕಡೆ ಓಡುವುದು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಮಾಡಿದ ಫಾರ್ಮ್‌ಗಳು ಮತ್ತು ಎಕ್ಸೆಲ್ ರಿಪೋರ್ಟ್‌ಗಳು. ಡೇಟಾ ಮಾತ್ರ ಎಸ್‌ಕ್ಯೂಎಲ್ ಸರ್ವರ್ 2019 ಅನ್ನುವ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿದೆ. ಇವೆರಡರ ನಡುವೆ ನಿಂತು ಮಾತು ಮುಟ್ಟಿಸುವುದು ಒಡಿಬಿಸಿ ಡ್ರೈವರ್. ಅದು ಸರಿಯಾಗಿದ್ದಾಗ ಅಂಥದ್ದೊಂದು ಇದೆ ಅಂತಲೇ ಯಾರಿಗೂ ಗೊತ್ತಿರುವುದಿಲ್ಲ. ಕೆಟ್ಟಾಗ ಮಾತ್ರ ಕೆಳಗಿನಿಂದ ಕೂಗು: "ಅಣ್ಣಾ, ಕನೆಕ್ಷನ್ ಹೋಯ್ತು!"

ಇಷ್ಟು ವರ್ಷಗಳಲ್ಲಿ ನಾಲ್ಕು ಡ್ರೈವರ್ ಬಳಸಿ ನೋಡಿದ್ದೇನೆ. ವಿಂಡೋಸ್ ಜೊತೆಗೇ ಬರುವ ಹಳೆಯದು, ನೇಟಿವ್ ಕ್ಲೈಂಟ್ 11, ಒಡಿಬಿಸಿ ಡ್ರೈವರ್ 17, ಆಮೇಲೆ 18. ವೇಗದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮಷ್ಟು ಸಣ್ಣ ಜಾಗದಲ್ಲಿ ನಾಲ್ಕರಲ್ಲೂ ಏನೂ ವ್ಯತ್ಯಾಸ ಕಾಣಲಿಲ್ಲ. ನನ್ನ ಅಳತೆ ಬೇರೆ: ಯಾವುದು ನನ್ನನ್ನು ಕುರ್ಚಿಯಿಂದ ಎಷ್ಟು ಸಲ ಏಳಿಸಿತು ಅನ್ನುವುದು.

ವಿಂಡೋಸ್ ಜೊತೆ ಬರುವುದು

ಡ್ರೈವರ್‌ಗಳ ಪಟ್ಟಿಯಲ್ಲಿ ಇದರ ಹೆಸರು ಬರೀ 'ಎಸ್‌ಕ್ಯೂಎಲ್ ಸರ್ವರ್' ಅಂತ ಇರುತ್ತದೆ. ಇನ್‌ಸ್ಟಾಲ್ ಮಾಡುವುದೇ ಬೇಡ. ಹೊಸ ಪಿಸಿ ಬಾಕ್ಸ್‌ನಿಂದ ತೆಗೆದ ಹತ್ತು ನಿಮಿಷಕ್ಕೆ ಫಾರ್ಮ್ ತೆರೆಯುತ್ತದೆ. ಅದಕ್ಕೇ ನಾನು ಮೊದಲು ಇದಕ್ಕೆ ಮರುಳಾದೆ. ಮೊದಲ ದಿನದ ಮಟ್ಟಿಗೆ ನಾಲ್ಕರಲ್ಲಿ ಇದೇ ಗೆದ್ದಿತು.

ಆದರೆ ಇದು ಎಸ್‌ಕ್ಯೂಎಲ್ ಸರ್ವರ್ 2000ರ ಕಾಲದ ಬುದ್ಧಿ. ಕಾಲಂನಲ್ಲಿ ಇರುವುದು ಸಂಖ್ಯೆಯೋ, ತಾರೀಖೋ, ಅಕ್ಷರವೋ ಅಂತ ಹೇಳುವುದು ಡೇಟಾ ಟೈಪ್. ಆಮೇಲೆ ಬಂದ ಡೇಟಾ ಟೈಪ್‌ಗಳು ಇದಕ್ಕೆ ಗೊತ್ತಿಲ್ಲ. 2008ರಲ್ಲಿ ಬಂದ 'ಡೇಟ್' ಟೈಪ್ ಅನ್ನು ಇದು ತಾರೀಖು ಅಂತ ತಿಳಿಯುವುದಿಲ್ಲ, ಸುಮ್ನೆ ಅಕ್ಷರ ಅಂತ ತಂದು ಕೊಡುತ್ತದೆ. ಇದು ನನಗೆ ಗೊತ್ತಾಗಿದ್ದು ಅಕೌಂಟ್ಸ್‌ನ ಮೇಡಂ ಕರೆದಾಗ. ರಾಶಿ, ಬೆಟ್ಟೆ, ಗೊರಬಲು ಹೀಗೆ ಅಡಿಕೆಯ ಒಂದೊಂದು ಬಗೆಯಲ್ಲಿ ತಿಂಗಳುವಾರು ಎಷ್ಟು ಮಾಲು ಟೆಂಡರ್‌ಗೆ ಬಂತು ಅಂತ ಅವರು ಎಕ್ಸೆಲ್‌ನಲ್ಲಿ ಪಿವಟ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಟ್ಟಿ) ಮಾಡುತ್ತಿದ್ದರು. ತಿಂಗಳ ಗುಂಪೇ ಆಗುತ್ತಿರಲಿಲ್ಲ. ದಿನಕ್ಕೊಂದು ಸಾಲು ಉದ್ದಕ್ಕೆ ಬರುತ್ತಿತ್ತು. ನಾನು ಅರ್ಧ ಗಂಟೆ ಪಿವಟ್‌ನ ಸೆಟ್ಟಿಂಗ್ ಎಲ್ಲ ತಿರುವಿ ಹಾಕಿದೆ. ಮೇಡಂ ಪಕ್ಕದಲ್ಲಿ ಚಹಾ ಕುಡಿಯುತ್ತಾ ಕೂತಿದ್ದವರು ಕೇಳಿದರು: "ಅಲ್ಲ ಸರ್, ಈ ತಾರೀಖೆಲ್ಲ ಯಾಕೆ ಎಡಗಡೆಗೆ ಅಂಟ್ಕೊಂಡಿವೆ?"

ಅಷ್ಟೇ. ಎಕ್ಸೆಲ್ ನಿಜವಾದ ತಾರೀಖನ್ನು ಸೆಲ್‌ನ ಬಲಗಡೆ ಇಡುತ್ತದೆ. ಅಕ್ಷರವಾದರೆ ಎಡಗಡೆ. ಡ್ರೈವರ್ ಬಗ್ಗೆ ಏನೂ ಗೊತ್ತಿಲ್ಲದವರು ಒಂದು ನೋಟದಲ್ಲಿ ಕಂಡಿದ್ದು ನನಗೆ ಕಂಡಿರಲಿಲ್ಲ. ಆಕ್ಸೆಸ್‌ನಲ್ಲೂ ಅದೇ ಕಥೆ. ಟೇಬಲ್ ಲಿಂಕ್ ಮಾಡಿದರೆ ತಾರೀಖಿನ ಕಾಲಂ 'ಶಾರ್ಟ್ ಟೆಕ್ಸ್ಟ್' ಅಂತ ಬರುತ್ತದೆ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅಂತ ಕೇಳಿದರೆ 'ಡೇಟಾ ಟೈಪ್ ಮಿಸ್‌ಮ್ಯಾಚ್' ಅಂತ ತಕರಾರು.

ನೇಟಿವ್ ಕ್ಲೈಂಟ್ 11

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಾರೀಖು ತಾರೀಖಾಗಿಯೇ ಬಂತು, ಎಲ್ಲ ಸರಿಹೋಯಿತು. ಆದರೆ ಇದು 2012ರ ಸರಕು. ಎಸ್‌ಕ್ಯೂಎಲ್ ಸರ್ವರ್ 2022ರಿಂದ ಇದನ್ನು ಕೈಬಿಟ್ಟಿದ್ದಾರೆ. ಈಗ ಹೊಸದಾಗಿ ಶುರು ಮಾಡುವವರು ಇದರ ಹತ್ತಿರ ಹೋಗಲೇಬೇಡಿ. ಈಗಾಗಲೇ ಓಡುತ್ತಿದ್ದರೆ ಗಾಬರಿ ಏನಿಲ್ಲ, ಮುಂದಿನ ಮಳೆಗಾಲದೊಳಗೆ ಬದಲಾಯಿಸಿ.

ಒಡಿಬಿಸಿ ಡ್ರೈವರ್ 17

ನನ್ನ ಬೆನ್ನುನೋವು ಕಡಿಮೆ ಮಾಡಿದ್ದು ಇದು. 64 ಬಿಟ್‌ನ ಇನ್‌ಸ್ಟಾಲರ್ ಒಂದನ್ನೇ ಓಡಿಸಿದರೆ 32 ಮತ್ತು 64 ಎರಡೂ ಬಗೆಯ ಡ್ರೈವರ್ ಕೂರುತ್ತವೆ. ಆಫೀಸ್ ಯಾವ ಬಗೆಯದೋ ಡ್ರೈವರ್ ಕೂಡ ಅದೇ ಬಗೆಯದು ಬೇಕು. ಎಂಎಸ್‌ಐ ಫೈಲ್ ಆದ್ದರಿಂದ ಏನೂ ಕೇಳದೆ ಹಿಂದಿನಿಂದಲೇ ಇನ್‌ಸ್ಟಾಲ್ ಮಾಡಿಸಬಹುದು. ಲೈಸೆನ್ಸ್ ಒಪ್ಪಿದೆ ಅನ್ನುವ ಒಂದು ಪದವನ್ನು ಕಮಾಂಡ್‌ನಲ್ಲಿ ಸೇರಿಸುವುದನ್ನು ಮರೆಯಬಾರದು. ಅದಿಲ್ಲದಿದ್ದರೆ ಸದ್ದಿಲ್ಲದೆ ಸೋಲುತ್ತದೆ, ಯಾಕೆ ಅಂತಲೂ ಹೇಳುವುದಿಲ್ಲ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಮಲೆನಾಡಿನ ಮಳೆಗಾಲದ ಕರೆಂಟ್ ನಿಮಗೆ ಗೊತ್ತೇ ಇದೆ. ಪಿಸಿಗೆ ಯುಪಿಎಸ್ ಇದೆ, ಸರ್ವರ್‌ಗೂ ಇದೆ. ಗೋಡೆ ಮೇಲಿನ ನೆಟ್‌ವರ್ಕ್ ಸ್ವಿಚ್‌ಗೆ ಮಾತ್ರ ಇರಲಿಲ್ಲ. ಒಂದು ಗಳಿಗೆ ಕರೆಂಟ್ ಹೋಗಿ ಬಂದರೂ ಆಕ್ಸೆಸ್ 'ಒಡಿಬಿಸಿ ಕಾಲ್ ಫೇಲ್ಡ್' ಅಂತ ಮುಖ ಊದಿಸಿಕೊಂಡು ಕೂರುತ್ತಿತ್ತು. ಮುಚ್ಚಿ ತೆರೆಯದೆ ಬೇರೆ ದಾರಿ ಇರಲಿಲ್ಲ. ಕೌಂಟರ್ ಮುಂದೆ ಚೀಲ ಇಳಿಸಿಕೊಂಡು ನಿಂತ ರೈತರಿಗೆ ಇದನ್ನೆಲ್ಲ ವಿವರಿಸಲು ಆಗುತ್ತದೆಯೇ?

ಡ್ರೈವರ್ 17ರಲ್ಲಿ ಸುಮ್ಮನೆ ಕೂತಿದ್ದ ಕನೆಕ್ಷನ್ ಕಡಿದರೆ ಅದೇ ಮತ್ತೆ ಜೋಡಿಸಿಕೊಳ್ಳುವ ಸೌಕರ್ಯ ಇದೆ. 'ಕನೆಕ್ಟ್ ರಿಟ್ರೈ ಕೌಂಟ್' ಅಂತ ಒಂದು ಸಂಖ್ಯೆ. ತಾನಾಗಿ 1 ಇರುತ್ತದೆ, ಪ್ರಯತ್ನಗಳ ನಡುವಿನ ಅಂತರ 10 ಸೆಕೆಂಡು. ನಾನು ಕೌಂಟ್ ಅನ್ನು 6 ಮಾಡಿದೆ. ಆ ಬೇಸಿಗೆಯ ಕೊನೆಯ ಗುಡುಗುಮಳೆಯಲ್ಲಿ ಕರೆಂಟ್ ಹೋಗಿ ಬಂತು, ಕೆಳಗಿನಿಂದ ಕೂಗು ಬರಲಿಲ್ಲ. ನಾನೇ ಅನುಮಾನಪಟ್ಟು ಇಳಿದು ಹೋಗಿ ನೋಡಿದೆ. ಹುಡುಗ ತೂಕ ಬರೆದುಕೊಳ್ಳುತ್ತಿದ್ದ. ಅರ್ಧ ನಡೆದ ವ್ಯವಹಾರ ಇದ್ದರೆ ಈ ಜಾದೂ ನಡೆಯುವುದಿಲ್ಲ, ಅದು ನೆನಪಿರಲಿ. ಗೋಡೆ ಮೇಲಿನ ಸ್ವಿಚ್‌ಗೆ ಒಂದು ಸಣ್ಣ ಯುಪಿಎಸ್ ಹಾಕುವುದೇ ನಿಜವಾದ ಪರಿಹಾರ. ಅದನ್ನೂ ಹಾಕಿದೆ, ತಡವಾಗಿ.

ಡ್ರೈವರ್ 18

2022ರಲ್ಲಿ ಬಂದಿದ್ದು. ಒಂದು ಪಿಸಿಯಲ್ಲಿ 17ರ ಪಕ್ಕದಲ್ಲೇ ಹಾಕಿದೆ. ಹೆಸರು ಬೇರೆ ಬೇರೆ ಆದ್ದರಿಂದ ಎರಡೂ ಜಗಳವಿಲ್ಲದೆ ಒಟ್ಟಿಗೆ ಇರುತ್ತವೆ. 18 ಹಾಕಿದ ಮಾತ್ರಕ್ಕೆ ಹಳೆಯ ಕನೆಕ್ಷನ್‌ಗಳು ತಾವಾಗಿ ಅದಕ್ಕೆ ಬದಲಾಗುವುದಿಲ್ಲ, ಹೊಸದಾಗಿ ಮಾಡಿಕೊಳ್ಳಬೇಕು. ಮಾಡಿದೆ. ಟೆಸ್ಟ್ ಒತ್ತಿದೆ. ಕೆಂಪು ಬಾವುಟ: ಸರ್ವರ್‌ನ ಸರ್ಟಿಫಿಕೇಟ್ ನಂಬುವ ಹಾಗಿಲ್ಲ ಅಂತ.

ಕಾರಣ ಸರಳ. ದಾರಿಯಲ್ಲಿ ಹೋಗುವ ಡೇಟಾವನ್ನು ಬೇರೆಯವರು ಓದದ ಹಾಗೆ ಮರೆಮಾಡುವುದು ಎನ್‌ಕ್ರಿಪ್ಷನ್. 17ರವರೆಗೆ ಅದು ಕೇಳಿದರೆ ಮಾತ್ರ. 18ರಲ್ಲಿ ಕೇಳದಿದ್ದರೂ ಇರುತ್ತದೆ. ಸರ್ವರ್‌ಗೆ ನಾವು ಸರ್ಟಿಫಿಕೇಟ್ ಕೊಡದಿದ್ದರೆ ಅದು ಶುರುವಾಗುವಾಗ ತಾನೇ ಒಂದು ಬರೆದುಕೊಳ್ಳುತ್ತದೆ. ತನ್ನ ಗುರುತಿನ ಚೀಟಿಗೆ ತಾನೇ ಸಹಿ ಹಾಕಿಕೊಂಡ ಹಾಗೆ. 18 ಅದನ್ನು ಒಪ್ಪುವುದಿಲ್ಲ.

ಎಲ್ಲರೂ ಹೇಳಿಕೊಡುವ ಅಡ್ಡದಾರಿ 'ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್' ಅನ್ನುವ ಚೌಕಕ್ಕೆ ಟಿಕ್ ಹಾಕುವುದು. ಕೆಲಸ ಆಗುತ್ತದೆ. ಆದರೆ ಆಗ ಡ್ರೈವರ್ ಚೀಟಿಯನ್ನು ನೋಡುವುದೇ ಇಲ್ಲ, ನಾನೇ ಸರ್ವರ್ ಅಂತ ಯಾರು ಹೇಳಿಕೊಂಡರೂ ನಂಬಿಬಿಡುತ್ತದೆ. ಒಂದು ವಾರ ಹಾಗೇ ಇಟ್ಟಿದ್ದೆ, ಆಮೇಲೆ ನಾಚಿಕೆಯಾಯಿತು. ವಿಂಡೋಸ್‌ಗೆ ಕಮಾಂಡ್ ಕೊಡುವ ಪವರ್‌ಶೆಲ್‌ನಲ್ಲಿ ಒಂದು ಸರ್ಟಿಫಿಕೇಟ್ ಮಾಡಿದೆ. ಎಲ್ಲ ಪಿಸಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿಯಿಂದ 26 ಪಿಸಿಗಳ ನಂಬಿಕೆಯ ಪಟ್ಟಿಗೆ ಸೇರಿಸಿದೆ. ಸರ್ವರ್‌ನಲ್ಲಿ ಕಾನ್ಫಿಗರೇಷನ್ ಮ್ಯಾನೇಜರ್ ತೆರೆದು ಅದನ್ನು ಆರಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಸರ್ವಿಸ್ ಏಳಲೇ ಇಲ್ಲ. ರಾತ್ರಿ ಒಂಬತ್ತು ಗಂಟೆ, ಬೆಳಗ್ಗೆ ಟೆಂಡರ್! ಸರ್ಟಿಫಿಕೇಟ್‌ನ ಖಾಸಗಿ ಕೀ ಓದಲು ಎಸ್‌ಕ್ಯೂಎಲ್ ಸರ್ವಿಸ್ ಖಾತೆಗೆ ಅನುಮತಿ ಕೊಟ್ಟಿರಲಿಲ್ಲ. ಅದನ್ನು ಕೊಟ್ಟ ಮೇಲೆ ಎದ್ದಿತು. ನೀವು ಮಾಡುವುದಿದ್ದರೆ ಅನುಮತಿ ಮೊದಲು, ರೀಸ್ಟಾರ್ಟ್ ಆಮೇಲೆ. ಟೆಂಡರ್ ಹಿಂದಿನ ದಿನವಂತೂ ಬೇಡವೇ ಬೇಡ.

ಇಷ್ಟಾದರೂ ಅರ್ಧ ಪಿಸಿಗಳು ಮತ್ತೆ ತಕರಾರು ತೆಗೆದವು. ಸರ್ಟಿಫಿಕೇಟ್‌ನಲ್ಲಿ ಇರುವುದು ಸರ್ವರ್‌ನ ಹೆಸರು. ಆ ಪಿಸಿಗಳಲ್ಲಿ ನಾನು ಕೊಟ್ಟಿದ್ದು ಬರೀ ಅಂಕಿಗಳ ಐಪಿ ವಿಳಾಸ. ಎರಡೂ ತಾಳೆಯಾಗಲಿಲ್ಲ.

ಇಲ್ಲಿ 18 ನನಗೆ ಉಪಕಾರವನ್ನೇ ಮಾಡಿತು ಅನ್ನಬೇಕು. ಯಾಕೆಂದರೆ ಅದಕ್ಕೆ ಎರಡು ವರ್ಷ ಮೊದಲು ಸರ್ವರ್ ಪೆಟ್ಟಿಗೆ ಬದಲಾಯಿಸಿದಾಗ ಐಪಿ ಬದಲಾಗಿ, ಪ್ರತಿ ಪಿಸಿಯ ಮುಂದೂ ಹೋಗಿ ಕೂತು ತಿದ್ದಿದ್ದೆ. ಎರಡು ದಿನ ಹಿಡಿದಿತ್ತು. ಆಗಲೇ ಯಾವ ಹೆಸರಿಗೆ ಯಾವ ಐಪಿ ಅಂತ ಹೇಳುವ ಡಿಎನ್‌ಎಸ್‌ನಲ್ಲಿ ಒಂದು ಅಡ್ಡಹೆಸರು ಮಾಡಿ ಎಲ್ಲ ಕಡೆ ಅದನ್ನೇ ಕೊಟ್ಟಿದ್ದರೆ ಮುಂದೆ ಪೆಟ್ಟಿಗೆ ಬದಲಾದರೂ ಒಂದೇ ಕಡೆ ತಿದ್ದಿದರೆ ಸಾಕಿತ್ತು. ಸೋಮಾರಿತನ ಮಾಡಿದ್ದೆ. 18 ಕಿವಿ ಹಿಂಡಿ ಮಾಡಿಸಿತು. ಆ ಅಡ್ಡಹೆಸರನ್ನೂ ಸೇರಿಸಿ ಸರ್ಟಿಫಿಕೇಟ್ ಮತ್ತೊಮ್ಮೆ ಮಾಡಿದೆ.

ವಿವರ ಎಲ್ಲಿ ಬರೆದಿಡುವುದು?

ಡ್ರೈವರ್‌ಗಿಂತ ಜಾಸ್ತಿ ಓಡಾಡಿಸಿದ್ದು ಈ ಪ್ರಶ್ನೆ. ಸರ್ವರ್ ಹೆಸರು, ಡೇಟಾಬೇಸ್ ಹೆಸರು ಎಲ್ಲ ಬರೆದಿಡುವ ಪುಟ್ಟ ದಾಖಲೆಗೆ ಡಿಎಸ್‌ಎನ್ ಅನ್ನುತ್ತಾರೆ. ಯೂಸರ್, ಸಿಸ್ಟಮ್, ಫೈಲ್ ಅಂತ ಮೂರು ಬಗೆ.

ಯೂಸರ್ ಡಿಎಸ್‌ಎನ್ ಲಾಗಿನ್ ಆದ ಒಬ್ಬರಿಗೆ ಮಾತ್ರ. ಮಧ್ಯಾಹ್ನ ಕೌಂಟರ್‌ನಲ್ಲಿ ಬೇರೆಯವರು ಕೂತರೆ ಮುಗಿಯಿತು. ಸಿಸ್ಟಮ್ ಡಿಎಸ್‌ಎನ್ ಆ ಪಿಸಿಯ ಎಲ್ಲರಿಗೂ ಸಿಗುತ್ತದೆ, ಆದರೆ 32 ಬಿಟ್‌ಗೆ ಬೇರೆ, 64 ಬಿಟ್‌ಗೆ ಬೇರೆ. ಆಫೀಸ್ 2019ರಿಂದ ಏನೂ ಆರಿಸದಿದ್ದರೆ 64 ಬಿಟ್ ಬರುತ್ತದೆ. ನಮ್ಮ ಹಳೇ ಪಿಸಿಗಳಲ್ಲಿ ಇದ್ದದ್ದು 32. ಡಿಎಸ್‌ಎನ್ ಮಾಡಿ, ಟೆಸ್ಟ್ ಪಾಸಾಗಿ, ಖುಷಿಯಲ್ಲಿ ಆಕ್ಸೆಸ್ ತೆರೆದರೆ 'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಅನ್ನುತ್ತದೆ. ತಮಾಷೆ ನೋಡಿ: 64 ಬಿಟ್‌ನ ಒಡಿಬಿಸಿ ಕಿಟಕಿ ಇರುವುದು 'ಸಿಸ್ಟಮ್32' ಫೋಲ್ಡರ್‌ನಲ್ಲಿ, 32 ಬಿಟ್‌ನದ್ದು 'ಸಿಸ್‌ವಾವ್64' ಫೋಲ್ಡರ್‌ನಲ್ಲಿ. ಎರಡು ಫೈಲ್‌ಗಳ ಹೆಸರೂ ಒಂದೇ. ಇದನ್ನು ಹೊಸ ಹುಡುಗನಿಗೆ ಹೇಳಿಕೊಟ್ಟಾಗ ಅವನು ನಾನು ಕೀಟಲೆ ಮಾಡುತ್ತಿದ್ದೇನೆ ಅಂದುಕೊಂಡ.

ಫೈಲ್ ಡಿಎಸ್‌ಎನ್ ಅನ್ನು ಹಂಚಿದ ಫೋಲ್ಡರ್‌ನಲ್ಲಿಟ್ಟರೆ ಒಂದೇ ಕಡೆ ತಿದ್ದಿದರೆ ಸಾಕು ಅಂತ ನಾನೂ ನಂಬಿದ್ದೆ. ಆಕ್ಸೆಸ್‌ನಲ್ಲಿ ಹಾಗಾಗುವುದಿಲ್ಲ. ಲಿಂಕ್ ಮಾಡುವ ಹೊತ್ತಿಗೆ ಫೈಲ್‌ನಲ್ಲಿ ಇರುವುದನ್ನು ಆಕ್ಸೆಸ್ ತನ್ನೊಳಗೆ ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಆ ಫೈಲ್ ಕಡೆ ತಿರುಗಿಯೂ ನೋಡುವುದಿಲ್ಲ.

ಹಾಗಾಗಿ ಈಗ ಎರಡು ದಾರಿ ಉಳಿಸಿಕೊಂಡಿದ್ದೇನೆ. ಆಕ್ಸೆಸ್‌ಗೆ ಡಿಎಸ್‌ಎನ್ ಇಲ್ಲವೇ ಇಲ್ಲ. ಫಾರ್ಮ್ ತೆರೆದ ಕೂಡಲೇ ನಾಲ್ಕು ಸಾಲಿನ ಕೋಡ್ ಎಲ್ಲ ಟೇಬಲ್‌ಗಳನ್ನು ಹೊಸದಾಗಿ ಲಿಂಕ್ ಮಾಡುತ್ತದೆ. ಎಕ್ಸೆಲ್ ಬಳಸುವವರಿಗೆ ಸಿಸ್ಟಮ್ ಡಿಎಸ್‌ಎನ್, ಪವರ್‌ಶೆಲ್‌ನ 'ಆಡ್ ಒಡಿಬಿಸಿ ಡಿಎಸ್‌ಎನ್' ಕಮಾಂಡ್‌ನಿಂದ, 32ಕ್ಕೂ 64ಕ್ಕೂ ಒಂದೇ ಹೆಸರಿನಲ್ಲಿ. ಎರಡೂ ಇದ್ದರೆ ಆಫೀಸ್ ಯಾವುದಿದ್ದರೂ ನನಗೇನು? ವಿಂಡೋಸ್ ಲಾಗಿನ್‌ನಿಂದಲೇ ಸರ್ವರ್‌ಗೆ ಪ್ರವೇಶ, ಆದ್ದರಿಂದ ಪಾಸ್‌ವರ್ಡ್ ಎಲ್ಲೂ ಬರೆದಿಡಬೇಕಿಲ್ಲ. ಆಕ್ಸೆಸ್‌ನಲ್ಲಿ 'ಸೇವ್ ಪಾಸ್‌ವರ್ಡ್' ಒತ್ತಿದರೆ ಅದು ಬೆತ್ತಲೆಯಾಗಿ ಕೂರುತ್ತದೆ, ನೋಡಬಲ್ಲವರು ನೋಡಬಹುದು.

ಕನ್ನಡ ಅಕ್ಷರಗಳ ಬಗ್ಗೆಯೂ ಒಂದು ಮಾತು ಇದೆ. ರೈತರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಬಂದರೆ ಎಲ್ಲರೂ ಡ್ರೈವರ್ ಮೇಲೆ ಗೂಬೆ ಕೂರಿಸುತ್ತಾರೆ. ನಾನೂ ಕೂರಿಸಿದ್ದೆ. ನಾಲ್ಕರಲ್ಲೂ ಅದೇ ಬಂತು. ತಪ್ಪು ಕಾಲಂನದ್ದು. ಅದು 'ವಾರ್‌ಚಾರ್' ಆಗಿತ್ತು, ಕನ್ನಡದಂಥ ಭಾಷೆಗಳ ಅಕ್ಷರವನ್ನೂ ಹಿಡಿಸುವ 'ಎನ್‌ವಾರ್‌ಚಾರ್' ಆಗಬೇಕಿತ್ತು. ಡೇಟಾಬೇಸ್‌ಗೆ ನೇರ ಕ್ವೆರಿ (ಆದೇಶ) ಬರೆಯುವಾಗ ಕನ್ನಡ ಪದದ ಉದ್ಧರಣ ಚಿಹ್ನೆ ಶುರುವಾಗುವ ಮೊದಲು ಇಂಗ್ಲಿಷ್‌ನ 'ಎನ್' ಅಕ್ಷರವೂ ಬೇಕು. ಒಮ್ಮೆ ಪ್ರಶ್ನೆ ಚಿಹ್ನೆಯಾಗಿ ಸೇವ್ ಆದ ಹೆಸರು ಮತ್ತೆ ಬರುವುದಿಲ್ಲ. ನಾವು ಹಳೆಯ ಖಾತೆ ಪುಸ್ತಕ ಇಟ್ಟುಕೊಂಡು ಮತ್ತೆ ಟೈಪ್ ಮಾಡಿದೆವು.

ಹಾಗಾದರೆ ಯಾವುದನ್ನು ಹಾಕಬೇಕು? ಸರ್ಟಿಫಿಕೇಟ್ ಗೊಡವೆಗೆ ಒಂದು ಶನಿವಾರ ಸಂಜೆ ಕೊಡಲು ಆಗುವುದಾದರೆ 18. ನಾಳೆ ಬೆಳಗ್ಗೆಯೇ ಓಡಬೇಕು ಅಂದರೆ 17 ಹಾಕಿ, ಸರ್ವರ್‌ನ ಹೆಸರು ಕೊಡಿ, ಐಪಿ ಕೊಡಬೇಡಿ. ಏನೂ ಸಿಗದೆ ಕನೆಕ್ಷನ್ ಮಾತ್ರ ಪರೀಕ್ಷಿಸಬೇಕಿದ್ದರೆ ಡೆಸ್ಕ್‌ಟಾಪ್ ಮೇಲೆ ಒಂದು ಖಾಲಿ ಟೆಕ್ಸ್ಟ್ ಫೈಲ್ ಮಾಡಿ ಅದರ ಬಾಲವನ್ನು (ಹೆಸರಿನಲ್ಲಿ ಚುಕ್ಕಿಯ ನಂತರದ ಭಾಗ) 'ಯುಡಿಎಲ್' ಅಂತ ಬದಲಾಯಿಸಿ ಡಬಲ್ ಕ್ಲಿಕ್ ಮಾಡಿ. ಸರ್ವರ್ ಹೆಸರು ಕೇಳುವ ಕಿಟಕಿ ತೆರೆಯುತ್ತದೆ. ತಪ್ಪು ನೆಟ್‌ವರ್ಕ್‌ನದ್ದೋ ಲಾಗಿನ್‌ನದ್ದೋ ಅಂತ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಸರ್ವರ್ ಸಿಗಲೇ ಇಲ್ಲ ಅಂದರೆ ಮೊದಲು ಫೈರ್‌ವಾಲ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಬಾಗಿಲಾದ 1433ನೇ ಪೋರ್ಟ್ ತೆರೆದಿದೆಯಾ ನೋಡಿ.

ನಮ್ಮಲ್ಲಿ 25 ಪಿಸಿ ಈಗ 18ರ ಮೇಲಿವೆ. ಲಾರಿ ತೂಕದ ಕೋಣೆಯ ಪಿಸಿ ಮಾತ್ರ ಇನ್ನೂ ಹಳೇ ಡ್ರೈವರ್‌ನಲ್ಲೇ ಇದೆ. ಅಲ್ಲಿನ ಪ್ರೋಗ್ರಾಂ ಬರೆದುಕೊಟ್ಟವರು ಡ್ರೈವರ್ ಹೆಸರನ್ನು ಅದರೊಳಗೇ ಹೊಲಿದುಬಿಟ್ಟಿದ್ದಾರೆ, ಈಗ ಫೋನ್ ಎತ್ತುವುದಿಲ್ಲ. ಸರ್ವರ್‌ನಲ್ಲಿ ಎಲ್ಲರಿಗೂ ಎನ್‌ಕ್ರಿಪ್ಷನ್ ಕಡ್ಡಾಯ ಮಾಡುವ 'ಫೋರ್ಸ್ ಎನ್‌ಕ್ರಿಪ್ಷನ್' ಅನ್ನು 'ನೋ' ಅಂತ ಬಿಟ್ಟಿರುವುದು ಅದೊಂದಕ್ಕೋಸ್ಕರ. ಅದರ ಮಾನಿಟರ್‌ಗೆ ಒಂದು ಚೀಟಿ ಅಂಟಿಸಿದ್ದೇನೆ: 'ದಯವಿಟ್ಟು ಏನನ್ನೂ ಅಪ್‌ಡೇಟ್ ಮಾಡಬೇಡಿ. ಮೊದಲು ನನ್ನನ್ನು ಕರೆಯಿರಿ.'